ಬೆರಳಿಗೆ ಸಿಕ್ಕ ಕನಸು

ಕಿರ್ರೆಂಬ ಸದ್ದು ಕೇಳಿ ಹುಡುಗಿ ತಿರುಗಿ ನೋಡುತ್ತಾಳೆ. ಹಳೆಯ ಕೋಣೆ. ಬಣ್ಣ ಮಾಸಿದ ಗೋಡೆ, ಹಲಗೆಗಳ ಮೇಲೆ ಸಾಲಾಗಿ ಶೀಸೆಗಳು, ಒಣಗಿದ ಹುಳುಹುಪ್ಪಟೆ, ಬೇಸರಕ್ಕೆ ಕಲ್ಲು ಹಾಕಿ ಹಾಕಿ ಕಲಕಿದ ಚಹಾದ ಬಟ್ಟಲು. ಒಂದು ಪಕ್ಕದಲ್ಲಿ ಗಾಜಿನ ಪೆಟ್ಟಿಗೆ, ಅದರೊಳಗೆ ಹೊಟ್ಟು ತುಂಬಿ ನಿಲ್ಲಿಸಿದ ಬಿಳಿ ಮೊಲ. ಆ ಮೊಲವೇ ಈಗ ಅಲುಗಾಡುತ್ತಿದೆ. ಹಲಗೆಗೆ ಮೊಳೆ ಹೊಡೆದು ಕೂರಿಸಿದ್ದ ತನ್ನ ಪಾದವನ್ನು ಅದು ಬಲವಾಗಿ ಎಳೆದು ಕಿತ್ತುಕೊಳ್ಳುತ್ತದೆ, ಮೊಳೆಯನ್ನು ಹಲ್ಲಿನಿಂದ ಹಿಡಿದು ಹೊರಗೆಳೆಯುತ್ತದೆ, ಪೆಟ್ಟಿಗೆಯ ತಳದಲ್ಲಿ ಅಡಗಿದ್ದ ಖಾನೆಯಿಂದ ಕೋಟು ತೆಗೆದು ತೊಡುತ್ತದೆ, ಕತ್ತರಿಯಿಂದ ಗಾಜು ಒಡೆದು ಹೊರಗೆ ನೆಗೆಯುತ್ತದೆ. ಹೊತ್ತೆಷ್ಟಾಯಿತು ಎಂದು ನೋಡಲು ಅದು ಕೈಹಾಕುವುದು ಜೇಬಿಗಲ್ಲ, ಎದೆಯ ಹೊಲಿಗೆ ಬಿಚ್ಚಿದ ಜಾಗಕ್ಕೆ. ಒಳಗಿಂದ ಗಡಿಯಾರ ಬರುತ್ತದೆ, ಜೊತೆಗೆ ಒಂದು ಹಿಡಿ ಮರದ ಹುಡಿ. ಗಡಿಯಾರಕ್ಕೆ ಅಂಟಿದ ಹುಡಿಯನ್ನು ಮೊಲ ನಾಲಗೆಯಿಂದ ನೆಕ್ಕಿ ಶುಚಿ ಮಾಡಿ, ತಡವಾಯಿತೆಂದು ಓಡುತ್ತದೆ. ಓಡಿದ ದಾರಿಯುದ್ದಕ್ಕೂ ಹೊಟ್ಟು ಸುರಿಯುತ್ತದೆ. ಮುಂದೆ ಎಲ್ಲೋ ಒಂದು ಕಡೆ ಅದು ಕೂತು ಬಟ್ಟಲಿನಲ್ಲಿ ಹೊಟ್ಟು ಹಾಕಿಕೊಂಡು ಚಮಚದಲ್ಲಿ ತಿನ್ನುವುದನ್ನೂ ನೋಡುತ್ತೇವೆ, ಸೋರಿಹೋದದ್ದನ್ನು ತುಂಬಿಕೊಳ್ಳಬೇಕಲ್ಲ.

ಮೊಲದ ಬಿಲ ಎಲ್ಲಿದೆ? ಕಲ್ಲುಮಣ್ಣಿನ ಬಯಲಿನ ನಡುವೆ ಒಂದು ಹಳೆಯ ಬರೆಯುವ ಮೇಜು ನಿಂತಿದೆ, ಅದರ ಡ್ರಾಯರಿನೊಳಗೆ. ಹುಡುಗಿ ಡ್ರಾಯರನ್ನು ಎಳೆಯುತ್ತಾಳೆ, ಹಿಡಿಗುಬಟು ಕಿತ್ತು ಕೈಗೆ ಬರುತ್ತದೆ. ಹೇಗೋ ತೆರೆದು ಒಳಗೆ ಕೈಯಿಟ್ಟರೆ ಕೈವಾರದ ಮೊನೆ ಚುಚ್ಚಿ ಬೆರಳಲ್ಲಿ ರಕ್ತ. ಬೆರಳು ಚೀಪುತ್ತಲೇ ಅವಳು ತಲೆ ತೂರಿಸಿ, ಹೆಗಲು ತೂರಿಸಿ, ಅಳತೆಪಟ್ಟಿಗಳ ನಡುವೆ ತೆವಳುತ್ತ ಒಳಗೆ ಹೋಗುತ್ತಾಳೆ. ನಾವೂ ಹಿಂದೆಯೇ ಹೋಗುತ್ತೇವೆ. ಲೂಯಿಸ್ ಕ್ಯಾರಲ್‌ನ ಆಲಿಸ್ ಕತೆಯನ್ನು ಎಷ್ಟೋ ಜನ ಸಿನಿಮಾ ಮಾಡಿದ್ದಾರೆ. ಹೂದೋಟ, ಹಾಡು, ಹೊಳೆಯುವ ಬಣ್ಣ ಎಲ್ಲ ಇವೆ ಅವುಗಳಲ್ಲಿ. ಈ ಚಿತ್ರದಲ್ಲಿ ಹಾಡಿಲ್ಲ, ಹಿನ್ನೆಲೆ ಸಂಗೀತವೂ ಇಲ್ಲ. ಮರಕ್ಕೆ ಮರ ಉಜ್ಜುವ ಸದ್ದು, ಪಿಂಗಾಣಿಗೆ ಚಮಚ ತಾಗುವ ಸದ್ದು, ತುಕ್ಕು ಹಿಡಿದ ತಿರುಗಣಿಯ ಕಿರುಚಾಟ, ಗಟ್ಟಿಯಾಗಿ ಉಸಿರೆಳೆದುಕೊಂಡ ಸದ್ದು ಇಷ್ಟೇ. ಜಾಮಿನ ಶೀಸೆಯಲ್ಲಿ ಬೆರಳಿಟ್ಟರೆ ಜಾಮಿನ ಜೊತೆ ಮುಳ್ಳುಮೊಳೆಗಳು ಬರುತ್ತವೆ. ಬನ್ನಿನಿಂದ ಕಬ್ಬಿಣದ ಮೊಳೆಗಳು ಮೊಳೆಯುತ್ತವೆ. ನೆಲದ ಹಲಗೆಗಳಲ್ಲಿ ತೂತು ಕೊರೆದುಕೊಂಡು ಕಾಲುಚೀಲಗಳು ಹುಳುಗಳಂತೆ ಓಡಾಡುತ್ತವೆ. ಅವುಗಳಲ್ಲೊಂದು ಗಾಜಿನ ಕಣ್ಣು, ಕಟ್ಟಿಸಿದ ಹಲ್ಲಿನ ಸೆಟ್ಟು ಹಾಕಿಕೊಂಡು ಕಂಬಳಿಹುಳುವಾಗಿ ಹುಡುಗಿಗೆ ಬುದ್ಧಿ ಹೇಳುತ್ತದೆ. ನಿದ್ದೆ ಬಂದಾಗ ತನ್ನ ಕಣ್ಣನ್ನು ತಾನೇ ಸೂಜಿದಾರದಿಂದ ಹೊಲಿದುಕೊಂಡು ಮಲಗುತ್ತದೆ.

ಇದು 1988ರಲ್ಲಿ ಮುಗಿದ ಚಿತ್ರ. ಮಾಡಿದವರು ಆಗಿನ ಚೆಕೊಸ್ಲೊವಾಕಿಯಾದ ಪ್ರಾಗ್ ನಗರದ ಯಾನ್ ಶ್ವಾಂಕ್‌ಮಾಯರ್. ಆಗ ಅವರಿಗೆ ಐವತ್ತು ದಾಟಿತ್ತು, ಕಿರುಚಿತ್ರಗಳನ್ನು ಮಾಡಲು ಶುರುಮಾಡಿ ಇಪ್ಪತ್ತಕ್ಕಿಂತ ಹೆಚ್ಚು ವರ್ಷವಾಗಿತ್ತು, ಆದರೂ ಪೂರ್ಣಾವಧಿಯ ಚಿತ್ರ ಇದೇ ಮೊದಲನೆಯದು. ಹಣ ಬಂದದ್ದು ಸ್ವಿಟ್ಜರ್ಲೆಂಡಿನಿಂದ, ಬ್ರಿಟನ್ನಿನ ಚಾನೆಲ್ ಫೋರ್‌ನಿಂದ. ಯಾಕೆ ಇಷ್ಟು ತಡ, ಯಾಕೆ ಹೊರಗಿನ ಹಣ ಎಂಬುದಕ್ಕೆ ಆಮೇಲೆ ಬರೋಣ. ಅದಕ್ಕಿಂತ ಮೊದಲು ಆ ಮೊಲ ನಡೆದದ್ದು ಹೇಗೆಂದು ನೋಡಬೇಕು.

ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಇಳಿಬಿಟ್ಟ ಕೋಣೆ. ಮೇಜಿನ ಮೇಲೆ ಒಂದು ಗೊಂಬೆ, ಎದುರಿಗೆ ಕದಲದ ಹಾಗೆ ಬಿಗಿದ ಕ್ಯಾಮೆರಾ, ಅಕ್ಕಪಕ್ಕ ದೀಪಗಳು. ದೀಪದ ಬಿಸಿಗೆ ಜೇಡಿಮಣ್ಣು ಒಣಗಿ ಬಿರುಕು ಬಿಡುತ್ತದೆ, ಎಣ್ಣೆಮಣ್ಣಾದರೆ ಮೆತ್ತಗಾಗಿ ಜೋಲುತ್ತದೆ. ನಿಜವಾದ ಮಾಂಸದ ತುಂಡೋ ಹಣ್ಣೋ ಆಗಿದ್ದರೆ ಮಧ್ಯಾಹ್ನದ ಹೊತ್ತಿಗೆ ಬಣ್ಣ ತಿರುಗಿ ವಾಸನೆ ಏಳುತ್ತದೆ, ಕೆಲಸ ನಿಲ್ಲಿಸುವ ಹಾಗಿಲ್ಲ. ಗೊಂಬೆ ಆಡಿಸುವವರು ಬಗ್ಗಿ, ಅದರ ಕಾಲನ್ನು ಕೂದಲೆಳೆಯಷ್ಟು ಮುಂದೆ ಸರಿಸಿ, ಹಿಂದೆ ಸರಿದು ನಿಲ್ಲುತ್ತಾರೆ. ಕ್ಲಿಕ್. ಮತ್ತೆ ಬಗ್ಗುತ್ತಾರೆ, ಕಿವಿಯನ್ನು ಒಂದಿಷ್ಟೇ ಬಾಗಿಸುತ್ತಾರೆ. ಕ್ಲಿಕ್. ಬಗ್ಗುವುದು, ಮುಟ್ಟುವುದು, ಸರಿಯುವುದು, ಕ್ಲಿಕ್ಕಿಸುವುದು. ಬೀಸುವ ಕಲ್ಲಿನ ಮುಂದೆ ಕೂತವರಿಗೆ ಇರುವಂಥ ಲಯವೊಂದು ಇದರಲ್ಲಿದೆ. ಲಯ ತಪ್ಪಿದರೆ ಹಿಟ್ಟು ಕೆಡುವಂತೆ ನಡಿಗೆ ಕೆಡುತ್ತದೆ. ಪರದೆಯ ಮೇಲಿನ ಒಂದು ಸೆಕೆಂಡಿಗೆ 24 ಫ್ರೇಮು ಬೇಕು. ಹತ್ತು ನಿಮಿಷದ ಚಿತ್ರಕ್ಕೆ 14,400. ಒಂದೊಂದು ಭಂಗಿಯನ್ನು ಎರಡೆರಡು ಸಲ ತೆಗೆದರೂ ಏಳು ಸಾವಿರ ಸಲ ಬಗ್ಗಿ ಏಳಬೇಕು. ಆಲಿಸ್ ಚಿತ್ರದಲ್ಲಿ ಹೀಗೆ ಬಗ್ಗಿ ಎದ್ದವರು ಬೆಡ್ರಿಕ್ ಗ್ಲಾಸರ್. ಮೊಲದ ಗಾಬರಿ ಅವರ ಬೆರಳುಗಳದ್ದು. ಆಮೇಲೆ ಆ ಎಲ್ಲ ಮೌನಕ್ಕೆ ಸದ್ದು ತುಂಬುವ ಕೆಲಸ. ಬಹುಕಾಲದ ಜೊತೆಗಾರ ಇವೊ ಶ್ಪಾಲಿ ಆ ಸದ್ದುಗಳನ್ನು ಎಷ್ಟು ಹತ್ತಿರದಿಂದ ಕೇಳಿಸುತ್ತಾರೆಂದರೆ, ಡ್ರಾಯರು ಎಳೆದಾಗ ಅದರ ಮರ ಉಬ್ಬಿದೆಯೋ ಇಲ್ಲವೋ ಎಂಬುದು ನಮ್ಮ ಕೈಗೆ ಗೊತ್ತಾಗುತ್ತದೆ.

ಕೈಗೆ ಗೊತ್ತಾಗುತ್ತದೆ ಎಂಬ ಮಾತನ್ನು ಬೇಕೆಂದೇ ಹೇಳಿದೆ. ಶ್ವಾಂಕ್‌ಮಾಯರ್ ಚಿತ್ರಗಳನ್ನು ನೋಡುವಾಗ ಕಣ್ಣಿಗಿಂತ ಮೊದಲು ಎಚ್ಚರಾಗುವುದು ಅಂಗೈ. ಮಾಯಾಲೋಕದ ಕತೆಯೆಂದರೆ ರೆಕ್ಕೆ, ಮೋಡ, ದೂರದ ರಾಜ್ಯ ಎಂದುಕೊಂಡವರಿಗೆ ಇವರ ಮಾಯೆ ಅಡುಗೆಮನೆಯ ಕಪಾಟಿನಲ್ಲಿ, ಹಾಸಿಗೆಯ ಕೆಳಗೆ, ಉಗ್ರಾಣದ ಆಲೂಗಡ್ಡೆ ಪೆಟ್ಟಿಗೆಯಲ್ಲಿ ಎದುರಾಗುತ್ತದೆ. ಮನುಷ್ಯರ ಕೈಯಲ್ಲಿ ಬಹಳ ಕಾಲ ಬಳಕೆಯಾದ ವಸ್ತುಗಳು ತಾವು ಕಂಡ ಸುಖ, ದಿಗಿಲು, ಜಗಳಗಳನ್ನು ಒಳಗೇ ಇಟ್ಟುಕೊಂಡಿರುತ್ತವೆ ಎಂಬುದು ಅವರ ಗಟ್ಟಿ ನಂಬಿಕೆ. ಅವನ್ನು ಕುಣಿಸುವುದಲ್ಲ ತನ್ನ ಕೆಲಸ, ಮಾತಾಡಿಸುವುದು ಎಂದು ಅವರು ತಿಳಿದಿದ್ದಾರೆ. ಅದಕ್ಕೇ ಅವರ ಚಿತ್ರಗಳಲ್ಲಿ ಹೊಚ್ಚಹೊಸ ವಸ್ತು ಕಾಣುವುದು ಅಪರೂಪ. ಎಲ್ಲವೂ ಸವೆದವು, ಚಕ್ಕೆ ಎದ್ದವು, ಯಾರೋ ಉಪಯೋಗಿಸಿ ಬಿಟ್ಟವು.

ಪ್ರಾಗ್‌ನಲ್ಲಿ ಹುಟ್ಟಿದ ಹುಡುಗನಿಗೆ ಇಂಥ ನಂಬಿಕೆ ಬರುವುದು ಕಷ್ಟವೇನಲ್ಲ. ಕಲ್ಲು ಹಾಸಿದ ಇಕ್ಕಟ್ಟು ಬೀದಿಗಳ ಮೇಲೆ, ನದಿಯ ಆಚೆ ದಂಡೆಯ ಗುಡ್ಡದಲ್ಲಿ ಕೋಟೆ ಕೂತಿದೆ. ಅಲ್ಲಿ ನಾನೂರು ವರ್ಷ ಹಿಂದೆ ಎರಡನೆಯ ರುಡಾಲ್ಫ್ ಎಂಬ ಚಕ್ರವರ್ತಿ ರಸವಾದಿಗಳನ್ನೂ ಖಗೋಳಜ್ಞರನ್ನೂ ಸಾಕಿಕೊಂಡು, ಲೋಕದ ವಿಚಿತ್ರಗಳನ್ನೆಲ್ಲ ಕೋಣೆಗಳಲ್ಲಿ ತುಂಬಿಟ್ಟಿದ್ದ. ಚಿಪ್ಪು, ಕೊಂಬು, ಗಡಿಯಾರ, ಯಂತ್ರದ ಗೊಂಬೆ, ಕಲ್ಲಾದ ಮೀನು ಎಲ್ಲ ಒಂದೇ ಸೂರಿನಡಿ. ಅವನ ಆಸ್ಥಾನದ ಚಿತ್ರಗಾರ ಆರ್ಚಿಂಬೋಲ್ಡೊ ಹಣ್ಣು, ತರಕಾರಿ, ಹೂವು ಜೋಡಿಸಿ ಮನುಷ್ಯರ ಮುಖ ಬರೆಯುತ್ತಿದ್ದ. ಚಕ್ರವರ್ತಿಯ ಮುಖವನ್ನೇ ಹಾಗೆ ಬರೆದ, ಕೆನ್ನೆಗೆ ಸೇಬು, ಮೂಗಿಗೆ ಪೇರು. 1648ರಲ್ಲಿ ಸ್ವೀಡನ್ನಿನ ಸೈನ್ಯ ಪ್ರಾಗ್‌ನ್ನು ಸೂರೆ ಮಾಡಿದಾಗ ಆ ಸಂಗ್ರಹದ ಬಹುಪಾಲು ಹೊತ್ತುಹೋಯಿತು, ಆ ಮುಖಚಿತ್ರ ಇಂದಿಗೂ ಸ್ವೀಡನ್ನಿನ ಒಂದು ಕೋಟೆಯಲ್ಲಿದೆ. ಸೂರೆ ಹೋಗದೆ ಉಳಿದದ್ದು ಊರಿನ ಮನಸ್ಸಿನಲ್ಲಿತ್ತು ಎನ್ನಬೇಕು.

ಶ್ವಾಂಕ್‌ಮಾಯರ್ ಹುಟ್ಟಿದ್ದು 1934ರ ಸೆಪ್ಟೆಂಬರ್ 4ರಂದು. ಅದೇ ವರ್ಷ ಪ್ರಾಗ್‌ನಲ್ಲಿ ಕನಸನ್ನೂ ಒಳಮನಸ್ಸನ್ನೂ ಕಲೆಗೆ ತರುವ ಸರ್ರಿಯಲಿಸ್ಟ್ ಕವಿಗಳ, ಕಲಾವಿದರ ಗುಂಪು ಹುಟ್ಟಿತ್ತು. ಅಪ್ಪ ಅಂಗಡಿಗಳ ಗಾಜಿನ ಕಿಟಕಿಗಳಲ್ಲಿ ಸಾಮಾನು ಚೆಂದವಾಗಿ ಜೋಡಿಸಿಡುವ ಕೆಲಸದವರು, ಅಮ್ಮ ಬಟ್ಟೆ ಹೊಲಿಯುತ್ತಿದ್ದವರು. ಗಾಜಿನ ಹಿಂದೆ ನಿಲ್ಲಿಸಿದ ಗೊಂಬೆಗಳು ಒಂದು ಕಡೆ, ಗುಂಡಿ, ದಾರ, ಕತ್ತರಿ, ಚಿಂದಿ ಇನ್ನೊಂದು ಕಡೆ. ಹುಡುಗನಿಗೆ ಎಂಟರ ಸುಮಾರಿನಲ್ಲಿ ಕ್ರಿಸ್‌ಮಸ್ ಉಡುಗೊರೆಯಾಗಿ ಪುಟ್ಟದೊಂದು ಗೊಂಬೆಯಾಟದ ರಂಗ ಸಿಕ್ಕಿತು. ಚೆಕ್ ಮನೆಗಳಲ್ಲಿ ಇದು ಹೊಸತಲ್ಲ. ಊರೂರು ತಿರುಗಿ, ಸೈತಾನನಿಗೆ ಆತ್ಮ ಮಾರಿದ ಫೌಸ್ಟನ ಕತೆ, ಡಾನ್ ಹುವಾನನ ಕತೆ ಆಡಿಸುತ್ತಿದ್ದ ಗೊಂಬೆಯಾಟದವರ ದೊಡ್ಡ ಪರಂಪರೆ ಆ ನಾಡಿನಲ್ಲಿದೆ. ಆದರೆ ಈ ಹುಡುಗನ ಕೈಯಿಂದ ಆ ಗೊಂಬೆಗಳು ಕೊನೆಯವರೆಗೂ ಇಳಿಯಲಿಲ್ಲ. ಅನ್ವಯಿಕ ಕಲೆಗಳ ಶಾಲೆ, ಆಮೇಲೆ ನಾಟಕ ಅಕಾಡೆಮಿಯ ಗೊಂಬೆಯಾಟದ ವಿಭಾಗ, ಆಮೇಲೆ ರಂಗಭೂಮಿ. 1958ರಲ್ಲಿ ಎಮಿಲ್ ರಾದೊಕ್ ಗೊಂಬೆಗಳನ್ನಿಟ್ಟು ಮಾಡಿದ ಫೌಸ್ಟನ ಕಿರುಚಿತ್ರದಲ್ಲಿ ಕೆಲಸ. 1964ರಲ್ಲಿ ತನ್ನದೇ ಮೊದಲ ಚಿತ್ರ: ಮರದ ತಲೆ ಹೊತ್ತ ಇಬ್ಬರು ಜಾದೂಗಾರರು ಒಬ್ಬರಿಗಿಂತ ಒಬ್ಬರು ಮೇಲೆಂದು ಆಟ ತೋರಿಸುತ್ತಾರೆ, ಪ್ರತಿ ಆಟದ ಕೊನೆಗೂ ಕೈಕುಲುಕುತ್ತಾರೆ, ಕುಲುಕುವ ಕೈಯ ಹಿಡಿತ ಸಲದಿಂದ ಸಲಕ್ಕೆ ಬಿಗಿಯಾಗುತ್ತ ಹೋಗಿ ಕೊನೆಗೆ ಒಬ್ಬರನ್ನೊಬ್ಬರು ಕಿತ್ತು ಹಾಕುತ್ತಾರೆ. ಮುಂದಿನ ಐವತ್ತು ವರ್ಷದ ಮುಖ್ಯ ಮಾತೆಲ್ಲ ಆ ಹನ್ನೊಂದು ಹನ್ನೆರಡು ನಿಮಿಷದಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ.

1968. ಆ ವರ್ಷದ ಆಗಸ್ಟಿನಲ್ಲಿ ಪ್ರಾಗ್‌ನ ಬೀದಿಗಳಿಗೆ ಸೋವಿಯತ್ ಟ್ಯಾಂಕುಗಳು ಬಂದವು. ಅದೇ ವರ್ಷದ ಅವರ ಒಂದು ಚಿತ್ರದಲ್ಲಿ ಒಬ್ಬ ಮನುಷ್ಯ ಒಂದು ಮನೆಯೊಳಗೆ ಬಂದು ಸಿಕ್ಕಿಕೊಳ್ಳುತ್ತಾನೆ. ಹಸಿವೆಂದು ಸಾರಿಗೆ ಚಮಚ ಅದ್ದಿದರೆ ಚಮಚದ ತುಂಬ ತೂತು. ಮೊಟ್ಟೆ ಒಡೆಯಲು ಹೋದರೆ ಗೋಡೆ ಒಡೆಯುತ್ತದೆ, ಮೊಟ್ಟೆ ಒಡೆಯದು. ಮಲಗಿದರೆ ಮಂಚವೇ ಹುಡಿಯಾಗಿ ಉದುರುತ್ತದೆ. ಕೊನೆಗೆ ಕೊಡಲಿ ಸಿಕ್ಕಿ ಬಾಗಿಲು ಕಡಿದು ತೆರೆದರೆ ಎದುರಿಗೆ ಇನ್ನೊಂದು ಗೋಡೆ, ಅದರ ಮೇಲೆ ಹಿಂದೆ ಬಂದವರೆಲ್ಲ ಬರೆದಿಟ್ಟ ಹೆಸರುಗಳು. ಅವನೂ ತನ್ನ ಹೆಸರು ಬರೆಯತೊಡಗುತ್ತಾನೆ. ಇಡೀ ಚಿತ್ರದಲ್ಲಿ ಯಾರೂ ಸರ್ಕಾರದ ಹೆಸರೆತ್ತುವುದಿಲ್ಲ. ಎತ್ತುವ ಅಗತ್ಯವೇ ಇರಲಿಲ್ಲ. ನೋಡಿದವರಿಗೆ ಆ ಮನೆ ಯಾವುದೆಂದು ಗೊತ್ತಿತ್ತು.

ಪ್ರಾಗ್‌ನಿಂದ ಪೂರ್ವಕ್ಕೆ ಕುಟ್ನಾ ಹೋರಾ ಎಂಬ ಹಳೆಯ ಬೆಳ್ಳಿಗಣಿಯ ಊರಿದೆ. ಅಲ್ಲಿನ ಸೆಡ್ಲೆಟ್ಸ್ ಎಂಬಲ್ಲಿ ಒಂದು ಸಣ್ಣ ಪ್ರಾರ್ಥನಾಮಂದಿರ. ಮೆಟ್ಟಿಲಿಳಿದು ಒಳಗೆ ಹೋದರೆ ತಂಪು, ಮಬ್ಬು ಬೆಳಕು, ಕಣ್ಣು ಹೊಂದಿಕೊಂಡಮೇಲೆ ಕಾಣುವುದು ಎಲುಬು. ಮೂಲೆಗಳಲ್ಲಿ ಗೋಪುರದಂತೆ ಪೇರಿಸಿದ ಎಲುಬು, ತೋರಣ ಕಟ್ಟಿದ ತಲೆಬುರುಡೆ, ನಡುವೆ ತೂಗುವ ದೊಡ್ಡ ದೀಪಗುಚ್ಛವೂ ಎಲುಬಿನದೇ. ಮನುಷ್ಯನ ದೇಹದ ಪ್ರತಿಯೊಂದು ಎಲುಬೂ ಅದರಲ್ಲಿದೆ ಎನ್ನುತ್ತಾರೆ. ಪಿಡುಗಿನಲ್ಲಿ, ಯುದ್ಧಗಳಲ್ಲಿ ಸತ್ತ ನಲವತ್ತು ಸಾವಿರದಷ್ಟು ಜನರ ಎಲುಬುಗಳನ್ನು 1870ರಲ್ಲಿ ರಿಂಟ್ ಎಂಬ ಮರಗೆಲಸದವನು ಹೀಗೆ ಜೋಡಿಸಿ, ಕೊನೆಗೆ ತನ್ನ ಹೆಸರನ್ನೂ ಎಲುಬಿನಲ್ಲೇ ಬರೆದಿಟ್ಟ. 1970ರಲ್ಲಿ ಶ್ವಾಂಕ್‌ಮಾಯರ್ ಇದರ ಸಾಕ್ಷ್ಯಚಿತ್ರ ಮಾಡಿದರು. ಕ್ಯಾಮೆರಾ ಎಲುಬಿನ ಮೇಲೆ ಸರಸರ ಹರಿಯುವಾಗ ಹಿಂದಿನಿಂದ ಕೇಳುವುದು ಅಲ್ಲಿನ ಮಾರ್ಗದರ್ಶಿಯೊಬ್ಬಳು ಪ್ರವಾಸಿಗಳಿಗೆ ಒಪ್ಪಿಸುವ ಪಾಠ, ನಡುನಡುವೆ ಮುಟ್ಟಬೇಡಿ, ಮುಟ್ಟಿದರೆ ದಂಡ ಎಂಬ ಗದರಿಕೆ. ಅಧಿಕಾರಿಗಳಿಗೆ ಈ ಧ್ವನಿ ಹಿಡಿಸಲಿಲ್ಲ. ಅದನ್ನು ತೆಗೆಸಿ ಸಂಗೀತ ಹಾಕಿಸಿದರು.

ಆ ವರ್ಷವೇ ಶ್ವಾಂಕ್‌ಮಾಯರ್, ಅವರ ಹೆಂಡತಿ ಇವಾ ಇಬ್ಬರೂ ಸರ್ರಿಯಲಿಸ್ಟ್ ಗುಂಪು ಸೇರಿದರು. ಇವಾ ಚಿತ್ರಗಾರ್ತಿ, ಮಣ್ಣಿನ ಕೆಲಸ ಬಲ್ಲವರು, ಕವಿತೆ ಬರೆಯುವವರು. ಗುಂಪಿನ ಹಿರಿಯ ವ್ರಾತಿಸ್ಲಾವ್ ಎಫೆನ್‌ಬೆರ್ಗರ್. ಬಹಿರಂಗವಾಗಿ ಸಭೆ ಸೇರಿ ಪ್ರದರ್ಶನ ಮಾಡುವ ಹಾಗಿರಲಿಲ್ಲ, ಬರೆದದ್ದನ್ನು ಟೈಪ್ ಮಾಡಿ ಕೈಯಿಂದ ಕೈಗೆ ದಾಟಿಸಬೇಕಿತ್ತು. ಹೊರಗಿನವರು ಶ್ವಾಂಕ್‌ಮಾಯರ್ ಅವರನ್ನು ಸಿನಿಮಾ ನಿರ್ದೇಶಕ ಎಂದರೂ, ತಾನು ಮೊದಲು ಸರ್ರಿಯಲಿಸ್ಟ್, ಸಿನಿಮಾ ಅದರ ಒಂದು ದಾರಿ ಮಾತ್ರ ಎಂದೇ ಅವರು ಹೇಳುತ್ತ ಬಂದಿದ್ದಾರೆ. 1972ರ ಹೊತ್ತಿಗೆ ಅಧಿಕಾರಿಗಳು ಸಿನಿಮಾದ ಆ ದಾರಿಯನ್ನೂ ಮುಚ್ಚಿದರು. 1973ರಲ್ಲಿ ಶುರುಮಾಡಿದ ಚಿತ್ರವೊಂದು ಮುಗಿದದ್ದು 1979ರಲ್ಲಿ. ನಡುವಿನ ವರ್ಷಗಳಲ್ಲಿ ತನ್ನದೆನ್ನುವ ಚಿತ್ರವಿಲ್ಲ. ಹೊಟ್ಟೆಪಾಡಿಗೆ ಬೇರೆಯವರ ಚಿತ್ರಗಳಿಗೆ ಕೈಚಳಕ ಒದಗಿಸಿಕೊಟ್ಟರು. 1977ರ ಒಂದು ಚೆಕ್ ಹಾಸ್ಯಚಿತ್ರದಲ್ಲಿ ಮನುಷ್ಯರನ್ನು ನುಂಗುವ ಅಡೇಲಾ ಎಂಬ ಗಿಡವನ್ನು ಆಡಿಸಿದವರು ಇವರೇ.

ಕ್ಯಾಮೆರಾ ಇಲ್ಲದಿದ್ದಾಗ ಕೈ ಏನು ಮಾಡಬೇಕು? ಅವರು ಕಣ್ಣನ್ನೇ ಪಕ್ಕಕ್ಕಿಟ್ಟು ಸ್ಪರ್ಶದ ಬೆನ್ನು ಹತ್ತಿದರು. ಗೆಳೆಯರು ಮನೆಗೆ ಬರುತ್ತಿದ್ದರು. ಮೇಜಿನ ಮೇಲೆ ಬಟ್ಟೆ ಮುಚ್ಚಿದ ಏನೋ ಇರುತ್ತಿತ್ತು: ಉಣ್ಣೆ, ಉಪ್ಪುಕಾಗದ, ತುಪ್ಪಳ, ಬ್ರಷ್ಷಿನ ಕೂದಲು, ತಣ್ಣನೆಯ ಲೋಹ, ಚೂಪಾದ ಚಿಪ್ಪು. ಬಟ್ಟೆಯೊಳಗೆ ಕೈ ತೂರಿಸಿ, ನೋಡದೆ, ತಡವಿ ತಡವಿ, ಮನಸ್ಸಿಗೆ ಏನು ಬಂತೆಂದು ಹೇಳಬೇಕು. ಒಬ್ಬನಿಗೆ ಬಾಲ್ಯದ ಯಾವುದೋ ಅಂಗಳ, ಇನ್ನೊಬ್ಬಳಿಗೆ ಆಸ್ಪತ್ರೆ. ಮುಟ್ಟಲೆಂದೇ ಕುರ್ಚಿ ಮಾಡಿದರು, ಲಟ್ಟಣಿಗೆಗೆ ಮುಳ್ಳು ಕೂದಲು ಅಂಟಿಸಿದರು, ಹಸಿ ಮಣ್ಣನ್ನು ಒಂದೇ ಸಲ ಮುಷ್ಟಿಯಲ್ಲಿ ಹಿಸುಕಿ ಆ ಗಳಿಗೆಯ ಸಿಟ್ಟೋ ಪ್ರೀತಿಯೋ ಹಾಗೆಯೇ ಉಳಿಯುವಂತೆ ಸುಟ್ಟು ಇಟ್ಟರು. ಇದನ್ನೆಲ್ಲ ಬರೆದು 1983ರಲ್ಲಿ ಪುಸ್ತಕವಾಗಿ ಕಟ್ಟಿದಾಗ ಪ್ರತಿಗಳು ಐದೇ. ಎಲ್ಲರೂ ಓದುವ ಹಾಗೆ ಅಚ್ಚಾದದ್ದು 1994ರಲ್ಲಿ. ಬಾಯಿ ಕಟ್ಟಿದ ವರ್ಷಗಳು ಅವರ ಕೈಯನ್ನು ಪಳಗಿಸಿದವು. ಮತ್ತೆ ಚಿತ್ರ ಮಾಡಲು ಬಿಟ್ಟಾಗ ಒಂದು ಕಟ್ಟುಪಾಡಿತ್ತು: ಹಳೆಯ ಸಾಹಿತ್ಯ ಕೃತಿಗಳನ್ನೇ ತೆಗೆದುಕೊಳ್ಳಬೇಕು. ಸರಿ ಎಂದು ಎಡ್ಗರ್ ಆಲನ್ ಪೋ ಕತೆ ಎತ್ತಿಕೊಂಡು 1980ರಲ್ಲಿ ಚಿತ್ರ ಮಾಡಿದರು. ಅದರಲ್ಲಿ ಒಬ್ಬ ಮನುಷ್ಯನೂ ಕಾಣುವುದಿಲ್ಲ. ಕೆಸರು ಉಸಿರಾಡುತ್ತದೆ, ಗೋಡೆ ಬಿರಿಯುತ್ತದೆ, ಕುರ್ಚಿ ನಡೆಯುತ್ತದೆ.

ಆಮೇಲೆ, 1982ರಲ್ಲಿ, ಬಂದದ್ದು ನನ್ನ ಲೆಕ್ಕದಲ್ಲಿ ಅವರ ಅತಿ ದೊಡ್ಡ ಚಿತ್ರ. ಅಳತೆಯಲ್ಲಿ ಕಾಲು ಗಂಟೆಯೂ ಇಲ್ಲ. ಸಂವಾದದ ಬಗೆಗಳನ್ನು ಹೇಳುವ ಇದು ಮೂರು ತುಂಡಿನ ಚಿತ್ರ. ಮೊದಲ ತುಂಡಿನಲ್ಲಿ ಆರ್ಚಿಂಬೋಲ್ಡೊ ಬರೆದಂಥ ತಲೆಗಳು ಎದುರುಬದುರಾಗುತ್ತವೆ. ಒಂದು ತರಕಾರಿ, ಹಣ್ಣು, ಮಾಂಸದ್ದು, ಇನ್ನೊಂದು ಪಾತ್ರೆಪಡಗದ್ದು, ಮತ್ತೊಂದು ಪುಸ್ತಕ, ಕಾಗದ, ಅಳತೆಪಟ್ಟಿಗಳದ್ದು. ಮಾತಿಗೆಂದು ಬಾಯಿ ತೆರೆದದ್ದು ಎದುರಿನದನ್ನು ನುಂಗಲಿಕ್ಕೇ. ಒಳಗೆ ಕುಟ್ಟುವ, ಕೊಚ್ಚುವ, ಹರಿಯುವ ಗಲಾಟೆ, ಆಮೇಲೆ ವಾಂತಿ. ಹೊರಬಂದ ತಲೆ ಮೊದಲಿಗಿಂತ ನುಣುಪು. ಅದು ಹೋಗಿ ಇನ್ನೊಂದನ್ನು ನುಂಗುತ್ತದೆ. ಸುತ್ತು ಸುತ್ತಿಗೂ ಎಲೆಕೋಸಿನ ಮಡಿಕೆ, ಸೌಟಿನ ಹಿಡಿ, ಪುಸ್ತಕದ ಬೆನ್ನು ಅಳಿಯುತ್ತ ಅಳಿಯುತ್ತ ಎಲ್ಲ ಒಂದೇ ಮಣ್ಣಾಗಿ, ಒಂದೇ ಅಚ್ಚಿನ ಮುಖ ಒಂದೇ ಅಚ್ಚಿನ ಮುಖವನ್ನು ಕಕ್ಕುತ್ತ ಕೂರುತ್ತದೆ.

ಎರಡನೆಯದು ಗಂಡು ಹೆಣ್ಣು. ಮಣ್ಣಿನ ಇಬ್ಬರು ಮೇಜಿನ ಆಚೀಚೆ ಕೂತು ಕೈ ಮುಟ್ಟುತ್ತಾರೆ, ಮುಟ್ಟಿದಲ್ಲೇ ಕರಗಿ ಒಬ್ಬರೊಳಗೊಬ್ಬರು ಬೆರೆತು ಅಲೆಯಂತೆ ಉರುಳಾಡುತ್ತಾರೆ. ಸಿನಿಮಾದಲ್ಲಿ ಪ್ರೀತಿಯ ಕೂಟವನ್ನು ಇಷ್ಟು ಮೃದುವಾಗಿ ತೋರಿಸಿದ್ದು ನಾನು ಬೇರೆಲ್ಲೂ ಕಂಡಿಲ್ಲ. ಮತ್ತೆ ಬೇರ್ಪಟ್ಟು ಕೂತಾಗ ನಡುವೆ ಒಂದು ಸಣ್ಣ ಮಣ್ಣಿನ ಮುದ್ದೆ ಉಳಿದಿದೆ. ಮುದ್ದೆ ತವಕಿಸುತ್ತ ಒಮ್ಮೆ ಇವರ ಕಡೆ, ಒಮ್ಮೆ ಅವರ ಕಡೆ ಹೋಗುತ್ತದೆ. ಇಬ್ಬರೂ ತಳ್ಳುತ್ತಾರೆ, ಆಮೇಲೆ ಎತ್ತಿ ಮುಖಕ್ಕೆ ಎಸೆಯುತ್ತಾರೆ, ಆಮೇಲೆ ಉಗುರಿನಿಂದ ಪರಸ್ಪರ ಮುಖ ಗೀರಿ ಹರಿಯುತ್ತಾರೆ. ಮಣ್ಣಿನ ಮೇಲೆ ಆಡಿಸಿದವರ ಬೆರಳ ಗುರುತು ಕಾಣುತ್ತದೆ, ಒರೆಸಿಲ್ಲ. ಆ ಬೆರಳು ವ್ಲಾಸ್ತಾ ಪೊಸ್ಪಿಶಿಲೊವಾ ಅವರದು. ಮೂರನೆಯದರಲ್ಲಿ ಇಬ್ಬರು ವಯಸ್ಸಾದ ಗಂಡಸರ ತಲೆ. ಒಬ್ಬ ಬಾಯಿಂದ ಹಲ್ಲುಜ್ಜುವ ಬ್ರಷ್ಷು ಚಾಚಿದರೆ ಇನ್ನೊಬ್ಬ ಪೇಸ್ಟು, ಒಬ್ಬ ಬ್ರೆಡ್ಡು ಚಾಚಿದರೆ ಇನ್ನೊಬ್ಬ ಬೆಣ್ಣೆ, ಬೂಟಿಗೆ ದಾರ, ಪೆನ್ಸಿಲ್ಲಿಗೆ ಮೆಂಡರ್. ಎಂಥ ಹೊಂದಾಣಿಕೆ ಎನ್ನುವಷ್ಟರಲ್ಲಿ ಜಾಗ ಬದಲಾಗಿ, ಬೂಟಿಗೆ ಬೆಣ್ಣೆ ಬಳಿದು, ಬ್ರೆಡ್ಡನ್ನು ಮೆಂಡರಿಗಿಟ್ಟು, ಎರಡು ತಲೆಯೂ ಬಿರುಕು ಬಿಟ್ಟು ಏದುಸಿರಿನಲ್ಲಿ ನಿಲ್ಲುತ್ತವೆ. 1983ರಲ್ಲಿ ಈ ಚಿತ್ರಕ್ಕೆ ಬರ್ಲಿನ್‌ನಲ್ಲಿ ಕಿರುಚಿತ್ರದ ಚಿನ್ನದ ಕರಡಿ ಬಂತು, ಫ್ರಾನ್ಸಿನ ಅನೆಸಿ ಅನಿಮೇಶನ್ ಉತ್ಸವದಲ್ಲಿ ಮೊದಲ ಬಹುಮಾನ ಬಂತು. ಲಂಡನ್ನಿನಲ್ಲಿದ್ದ ಕ್ವೇ ಸಹೋದರರು 1984ರಲ್ಲಿ ಶ್ವಾಂಕ್‌ಮಾಯರ್ ಹೆಸರಿಟ್ಟೇ ಒಂದು ಗೊಂಬೆಚಿತ್ರ ಮಾಡಿ ನಮಸ್ಕರಿಸಿದರು. ನಿರ್ದೇಶಕ ಟೆರ್ರಿ ಗಿಲಿಯಂ ಮುಂದೊಂದು ಸಲ ಎಲ್ಲ ಕಾಲದ ಹತ್ತು ಒಳ್ಳೆಯ ಅನಿಮೇಶನ್ ಚಿತ್ರಗಳನ್ನು ಹೆಸರಿಸುವಾಗ ಇದನ್ನು ಸೇರಿಸಿದರು. ಊರಿನಲ್ಲಿ ಮಾತ್ರ ಆಳುತ್ತಿದ್ದ ಕಮ್ಯುನಿಸ್ಟ್ ಪಕ್ಷದ ಮುಖಂಡರ ಸಮಿತಿಗೆ ಇದನ್ನು ತೋರಿಸಿ, ಇಂಥದ್ದು ಆಗಕೂಡದು ಎಂಬುದಕ್ಕೆ ಉದಾಹರಣೆ ಮಾಡಿದರಂತೆ. ಆಲಿಸ್‌ಗೆ ಹೊರಗಿನ ಹಣ ಯಾಕೆ ಬೇಕಾಯಿತು ಎಂದು ಇನ್ನು ಬಿಡಿಸಿ ಹೇಳಬೇಕಿಲ್ಲ.

1989ರ ಚಳಿಗಾಲ ಶುರುವಾಗುವ ಹೊತ್ತಿಗೆ ಆ ಪಕ್ಷದ ಆಳ್ವಿಕೆ ಕುಸಿಯಿತು. ಮರುವರ್ಷ ಬಿಬಿಸಿಗಾಗಿ ಅವರು ಮಾಡಿದ ಚಿತ್ರದಲ್ಲಿ ಸ್ಟಾಲಿನ್ನನ ಸುಣ್ಣದ ತಲೆಯನ್ನು ಆಸ್ಪತ್ರೆಯ ಮೇಜಿನ ಮೇಲೆ ಮಲಗಿಸಿ, ರಬ್ಬರ್ ಕೈಗವಸು ತೊಟ್ಟು, ಕೊಯ್ದು, ಕರುಳಿನ ನಡುವಿನಿಂದ ಇನ್ನೊಂದು ತಲೆ ಹೊರತೆಗೆಯುತ್ತಾರೆ. ಅದು ಚೆಕೊಸ್ಲೊವಾಕಿಯಾದ ಕಮ್ಯುನಿಸ್ಟ್ ನಾಯಕ ಗೊಟ್ವಾಲ್ಡ್‌ನದು. ಅಚ್ಚಿನಲ್ಲಿ ಮಣ್ಣು ಒತ್ತಿ ದುಡಿಮೆಗಾರರನ್ನು ಮಾಡುವುದು, ಸಾಲಾಗಿ ನಡೆಸಿಕೊಂಡು ಹೋಗಿ ನೇಣಿಗೇರಿಸುವುದು, ಬಿದ್ದ ಮಣ್ಣನ್ನು ಮತ್ತೆ ಅಚ್ಚಿಗೆ ಹಾಕುವುದು. ಕೊನೆಗೆ ಕೈಗೆ ಸಿಕ್ಕಿದ್ದಕ್ಕೆಲ್ಲ ರಾಷ್ಟ್ರಧ್ವಜದ ಮೂರು ಬಣ್ಣ ಬಳಿಯುತ್ತಾರೆ, ಸ್ಟಾಲಿನ್ ತಲೆಗೂ ಬಳಿಯುತ್ತಾರೆ, ಅದನ್ನು ಮತ್ತೆ ಮೇಜಿಗೆ ತಂದು ಕತ್ತಿ ಇಳಿಸುತ್ತಾರೆ. ಊರೆಲ್ಲ ಹಬ್ಬ ಮಾಡುತ್ತಿದ್ದ ಹೊತ್ತಿನಲ್ಲಿ ಈ ಮನುಷ್ಯ ಮುಂದಿನ ಹೊಟ್ಟೆಯಲ್ಲಿ ಏನಿದೆಯೆಂದು ಕೇಳಿದರಲ್ಲ, ಆ ಧೈರ್ಯ ನನಗೆ ಇಂದಿಗೂ ದೊಡ್ಡದಾಗಿ ಕಾಣುತ್ತದೆ.

ಸ್ವಂತ ನೆಲೆ ಸಿಕ್ಕಿದ್ದೂ ಆಗಲೇ. ನಿರ್ಮಾಪಕ ಯಾರೊಮೀರ್ ಕಾಲಿಸ್ತಾ ಜೊತೆಗೂಡಿ, ಪ್ರಾಗ್‌ನ ವಾಯವ್ಯಕ್ಕಿರುವ ಕ್ನೊವೀಜ್ ಎಂಬ ಹಳ್ಳಿಯಲ್ಲಿ ಹಳೆಯ ಚಿತ್ರಮಂದಿರವೊಂದನ್ನು ಸ್ಟುಡಿಯೋ ಮಾಡಿಕೊಂಡರು, ರಸವಾದಿಗಳ ಕುಲುಮೆಯ ಹೆಸರಾದ ಅಥಾನೋರ್ ಎಂಬುದನ್ನೇ ಅದಕ್ಕಿಟ್ಟರು. 1994ರಲ್ಲಿ ಫೌಸ್ಟ್ ಬಂತು: ಪ್ರಾಗ್‌ನ ಬೀದಿಯಲ್ಲಿ ಸಾಮಾನ್ಯನೊಬ್ಬನ ಕೈಗೆ ಯಾರೋ ನಕ್ಷೆಯ ಚೀಟಿ ತುರುಕುತ್ತಾರೆ, ಅದರ ಜಾಡು ಹಿಡಿದು ಪಾಳು ಮನೆಯೊಂದಕ್ಕೆ ಹೋದವನು ತನಗೆ ಗೊತ್ತಿಲ್ಲದೆಯೇ ಫೌಸ್ಟನ ವೇಷ ತೊಟ್ಟು ಆಳೆತ್ತರದ ಗೊಂಬೆಗಳ ನಡುವೆ ಮಾತು ಒಪ್ಪಿಸತೊಡಗುತ್ತಾನೆ. ಆ ಪಾತ್ರ ಮಾಡಿದ ಪೆತ್ರ್ ಚೆಪೆಕ್ ಅದೇ ವರ್ಷ ತೀರಿಕೊಂಡರು. ಅವರ ದಣಿದ ಮುಖವೇ ಆ ಚಿತ್ರದ ಜೀವ. 1996ರ ಚಿತ್ರದಲ್ಲಿ ಮಾತೇ ಇಲ್ಲ. ಸ್ಪರ್ಶದ ವರ್ಷಗಳ ಲಟ್ಟಣಿಗೆಗಳು, ಮುಚ್ಚಳಗಳು ಅಲ್ಲಿ ಮರಳಿ ಬಂದಿವೆ.

2000ದ ಚಿತ್ರ ಒತೆಸಾನೆಕ್ ಬಳಿ ಸ್ವಲ್ಪ ನಿಲ್ಲಲೇಬೇಕು. ಮಕ್ಕಳಾಗದ ದಂಪತಿ. ಗಂಡ ತೋಟದಲ್ಲಿ ಅಗೆದು ತೆಗೆದ ಮರದ ಬೊಡ್ಡೆಗೆ ಕೈಕಾಲಿನಂಥ ಬೇರುಗಳಿದ್ದವೆಂದು, ತಮಾಷೆಗೆ, ಅದನ್ನು ಕೆತ್ತಿ ಹೆಂಡತಿಯ ಕೈಗಿಡುತ್ತಾನೆ. ಅವಳು ಅದಕ್ಕೆ ಪೌಡರು ಹಚ್ಚುತ್ತಾಳೆ, ಬೇರಿನ ತುದಿಗಳನ್ನು ಉಗುರೆಂದು ಕತ್ತರಿಸುತ್ತಾಳೆ, ಎದೆಗೊತ್ತಿಕೊಳ್ಳುತ್ತಾಳೆ. ಬೊಡ್ಡೆ ಬಾಯಿ ತೆರೆಯುತ್ತದೆ. ಹಾಲು ಸಾಲದು, ಬೆಕ್ಕು ಹೋಯಿತು, ಅಂಚೆಯವನು ಹೋದ. ಪಕ್ಕದ ಮನೆಯ ಪುಟ್ಟ ಹುಡುಗಿಗೆ ಮಾತ್ರ ಗೊತ್ತಿದೆ ಇದು ಯಾವ ಕತೆಯೆಂದು, ಅವಳ ಪುಸ್ತಕದಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಎರ್ಬೆನ್ ಸಂಗ್ರಹಿಸಿದ ಚೆಕ್ ಜನಪದ ಕತೆ ಅದು. ಪುಸ್ತಕದ ಚಿತ್ರಗಳು ಚಲಿಸತೊಡಗಿದಾಗ ಕಾಣುವುದು ಇವಾ ಬರೆದ ಚಿತ್ರಗಳು. ತಾಯ್ತನದ ಹಸಿವು, ಮಗುವಿನ ಹಸಿವು, ಎರಡನ್ನೂ ಒಂದೇ ಬಾಯಲ್ಲಿ ಇಟ್ಟ ಈ ಚಿತ್ರ ಎರಡು ಗಂಟೆಗೂ ಹೆಚ್ಚು ಉದ್ದ. ದೀರ್ಘ ಚಿತ್ರಗಳಲ್ಲಿ ಅವರ ಕೈ ಕೆಲವೊಮ್ಮೆ ಎಳೆಯುತ್ತದೆ, ಹೇಳಿದ್ದನ್ನೇ ಹೇಳುತ್ತದೆ ಎಂಬುದು ನಿಜ. ಆದರೂ ಆ ತಾಯಿ ಬೊಡ್ಡೆಯ ಉಗುರು ಕತ್ತರಿಸುವ ಗಳಿಗೆಗಾಗಿ ಎಷ್ಟು ಹೊತ್ತಾದರೂ ಕೂರಬಹುದು.

ಇವಾ 2005ರ ಅಕ್ಟೋಬರಿನಲ್ಲಿ ತೀರಿಕೊಂಡರು. ನಲವತ್ತೈದು ವರ್ಷದ ಸಂಸಾರ, ಅಷ್ಟೇ ಕಾಲದ ಜೊತೆಗೆಲಸ. ಆಲಿಸ್, ಫೌಸ್ಟ್, ಒತೆಸಾನೆಕ್ ಎಲ್ಲದರ ಕಲಾವಿನ್ಯಾಸದಲ್ಲಿ ಅವರ ಕೈ ಇದೆ. ಯಾನ್ ಶ್ವಾಂಕ್‌ಮಾಯರ್ ಎಂದು ಬರೆಯುವಾಗಲೆಲ್ಲ ಪಕ್ಕದಲ್ಲಿ ಇವಾ ಹೆಸರನ್ನೂ ಬರೆಯಬೇಕು; ಎಷ್ಟೋ ಜನ ಬರೆಯುವುದಿಲ್ಲ. 1981ರಲ್ಲಿ ಇಬ್ಬರೂ ಪಶ್ಚಿಮ ಬೊಹೀಮಿಯಾದ ಹೊರ್ನಿ ಸ್ಟಾಂಕೊವ್‌ನಲ್ಲಿ ಬಾಳಿ ಬೀಳಾದ ಹಳೆಯ ಜಹಗೀರಿ ಮನೆಯೊಂದನ್ನು ಕೊಂಡು, ಕೋಣೆ ಕೋಣೆಯಾಗಿ ತುಂಬಿಸತೊಡಗಿದ್ದರು. ಚಿಪ್ಪುಗಳು, ಆಫ್ರಿಕಾದ ಮುಖವಾಡಗಳು, ಹಳೆಯ ಗೊಂಬೆಗಳು, ಎಲುಬು, ಕಲ್ಲು, ಲೋಕದಲ್ಲಿ ಇಲ್ಲದ ಪ್ರಾಣಿಗಳನ್ನು ಇಲ್ಲಿನ ಪ್ರಾಣಿಗಳ ತುಂಡು ಜೋಡಿಸಿ ಮಾಡಿದ ಗೊಂಬೆಗಳು. ಸೂರೆಯಾದ ರುಡಾಲ್ಫನ ಕೋಣೆಗಳನ್ನು ಇವರು ಸಂಪಾದನೆಯ ಪುಡಿಗಾಸಿನಲ್ಲಿ ಮತ್ತೆ ಕಟ್ಟಿದ ಹಾಗಿದೆ.

ಇವಾ ಹೋದಮೇಲೂ ಅವರು ಕೆಲಸ ಬಿಡಲಿಲ್ಲ. 2010ರ ಚಿತ್ರದ ಮೊದಲಿಗೆ ಅವರೇ ಪರದೆಗೆ ಬಂದು, ದುಡ್ಡಿಲ್ಲದ್ದಕ್ಕೆ ನಟರ ಫೋಟೋ ಕತ್ತರಿಸಿ ಅವನ್ನೇ ಆಡಿಸಿದ್ದೇನೆ ಎಂದು ನೆಟ್ಟಗೆ ಹೇಳುತ್ತಾರೆ. ಕನಸಿನಲ್ಲಿ ಎರಡನೆಯ ಬದುಕು ನಡೆಸುವವನ ಆ ಕತೆಗೆ ಕತ್ತರಿಸಿದ ಕಾಗದವೇ ಒಪ್ಪಿತು ಎಂದು ನೋಡಿದಮೇಲೆ ಅನ್ನಿಸುತ್ತದೆ. ಚೆಕ್ ಲೇಖಕರಾದ ಚಾಪೆಕ್ ಸಹೋದರರ ನಾಟಕವನ್ನು ಹಿಡಿದು ಮಾಡಿದ ‘ಹುಳ’ಕ್ಕೆ ಜನರಿಂದಲೇ ಚಂದಾ ಎತ್ತಿದರು, 2018ರಲ್ಲಿ ಅದು ಬಂದಾಗ ಅವರಿಗೆ ಎಂಬತ್ತಮೂರು. ಅದರಲ್ಲಿ ತನ್ನ ಕೈಚಳಕವನ್ನೆಲ್ಲ ಬಿಚ್ಚಿಟ್ಟು, ಹುಳುಗಳನ್ನು ಹೇಗೆ ಆಡಿಸಿದೆವು, ಸದ್ದು ಹೇಗೆ ಮಾಡಿದೆವು ಎಂದು ಚಿತ್ರದ ನಡುವೆಯೇ ತೋರಿಸಿದ್ದಾರೆ. 2022ರಲ್ಲಿ ಹೊರ್ನಿ ಸ್ಟಾಂಕೊವ್‌ನ ಕೋಣೆಗಳನ್ನೇ ಚಿತ್ರ ಮಾಡಿದರು.

ಹೊಸಬರು ಎಲ್ಲಿಂದ ಶುರುಮಾಡಬೇಕೆಂದು ಕೇಳಿದರೆ ನಾನು ಆಲಿಸ್ ಹೆಸರನ್ನೂ ಹೇಳುವುದಿಲ್ಲ, ದೊಡ್ಡ ಬಹುಮಾನ ಪಡೆದ ಮಣ್ಣಿನ ತಲೆಗಳನ್ನೂ ಹೇಳುವುದಿಲ್ಲ. 1989ರ ‘ಕತ್ತಲೆ, ಬೆಳಕು, ಕತ್ತಲೆ’ ನೋಡಿ. ಏಳೆಂಟು ನಿಮಿಷ. ಒಂದು ಪುಟ್ಟ ಕೋಣೆಗೆ ಮೊದಲು ಒಂದು ಮಣ್ಣಿನ ಕೈ ಬಂದು ದೀಪ ಹಾಕುತ್ತದೆ. ಬಾಗಿಲು ಬಡಿದು ಕಣ್ಣು ಬರುತ್ತದೆ, ಮೂಗು ಬರುತ್ತದೆ, ಕಿವಿ, ನಾಲಗೆ, ಮಿದುಳು, ಕಾಲು ಒಂದೊಂದಾಗಿ ಬರುತ್ತವೆ, ಕೈ ಅವನ್ನೆಲ್ಲ ತನಗೆ ತೋಚಿದಂತೆ ಜೋಡಿಸುತ್ತದೆ, ತಪ್ಪಾದರೆ ಕಿತ್ತು ಮತ್ತೆ ಜೋಡಿಸುತ್ತದೆ. ಮನುಷ್ಯ ಪೂರ್ತಿಯಾಗುವ ಹೊತ್ತಿಗೆ ಕೋಣೆ ಸಾಲದೆ ತಲೆ ಚಾವಣಿಗೆ ಒತ್ತಿರುತ್ತದೆ. ಸದ್ದು ಜೋರಾಗಿಟ್ಟುಕೊಂಡು ನೋಡಿ. ಹಿಡಿಸಿದರೆ ಎರಡನೆಯ ಸಲ ನೋಡುವಾಗ ಕೈಯನ್ನಷ್ಟೇ ಗಮನಿಸಿ, ಉಳಿದೆಲ್ಲ ಚಿತ್ರಗಳಿಗೂ ಅದೇ ಬಾಗಿಲು.